ಅರಿಸಿನದ ಕಾರ್ಡಿನ ಹಿಂದೆ ಮೂರು ರಷ್ಯನ್ ಅಕ್ಷರ

ಮೂರು ದೊಡ್ಡ ಅಕ್ಷರ ಒತ್ತಾಗಿ ನಿಂತದ್ದು ಎಲ್ಲಿ ಕಂಡರೂ, ಬಸ್ಸಿನ ಬೆನ್ನ ಮೇಲಿರಲಿ, ಗೊಬ್ಬರದ ಚೀಲದ ಮೇಲಿರಲಿ, ಅದನ್ನು ಬಿಡಿಸಿ ನೋಡದೆ ನಾನು ಮುಂದೆ ಹೋಗಲಾರೆ. ತೊಂಬತ್ತರ ದಶಕದಲ್ಲಿ ಅಂಟಿದ ಚಟ ಇದು, ಇನ್ನೂ ಬಿಟ್ಟಿಲ್ಲ.

ಆಗ ನಾನು ಬೈಲಹೊಂಗಲದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಧಾರವಾಡದಲ್ಲಿ ಓದುವಾಗ, ರಷ್ಯಾದ ವಿಜ್ಞಾನದ ಪುಸ್ತಕಗಳು ಸೋವಿಯಾಗಿ ಸಿಗುತ್ತವೆ ಎಂಬ ಒಂದೇ ಆಸೆಗೆ ಸಂಜೆ ತರಗತಿ ಸೇರಿ ಆ ಭಾಷೆ ಕಲಿತಿದ್ದೆ. ಮದುವೆಯಾದ ಮೇಲೆ ಆ ಪುಸ್ತಕಗಳೆಲ್ಲ ಟ್ರಂಕಿನ ತಳ ಸೇರಿದ್ದವು. ಅಷ್ಟರಲ್ಲಿ ಸೋವಿಯತ್ ದೇಶ ಒಡೆದು ಹೋಳಾಯಿತು, ಅಲ್ಲಿಂದ ಬಂದ ಮಿಲಿಟರಿ ಗಾಡಿಗಳ ಕೈಪಿಡಿಗಳನ್ನು ಇಂಗ್ಲಿಷಿಗೆ ಮಾಡಿಕೊಡುವವರು ಬೇಕಾದರು. ಪುಣೆಯ ಅನುವಾದ ಕಚೇರಿಯೊಂದರ ಸಾಹೇಬರು ನನ್ನ ಹಳೆಯ ಗುರುಗಳಿಂದ ವಿಳಾಸ ಪಡೆದು, ಅಂಚೆಯಲ್ಲಿ ಕಟ್ಟು ಕಟ್ಟು ಹಾಳೆ ಕಳಿಸತೊಡಗಿದರು. ಮುಖಪುಟ ಹರಿದು ತೆಗೆದಿರುತ್ತಿದ್ದರು. ಯಾವ ಗಾಡಿ, ಯಾರಿಗೆ ಎಂದು ನಾನು ಕೇಳುವಂತಿರಲಿಲ್ಲ.

ವಾಕ್ಯಗಳು ತೊಂದರೆ ಕೊಡುತ್ತಿರಲಿಲ್ಲ. ಜೀವ ತಿನ್ನುತ್ತಿದ್ದದ್ದು ಸಂಕ್ಷೇಪಗಳು. ಪ್ರತಿಯೊಂದಕ್ಕೂ ಮಾರುದ್ದದ ಹೆಸರಿಟ್ಟು, ಆಮೇಲೆ ಹೇಳಲು ತಮಗೇ ಬೇಸರವಾಗಿ ಮೊದಲ ಅಕ್ಷರಗಳನ್ನಷ್ಟೇ ಉಳಿಸಿಕೊಳ್ಳುವ ಮಂದಿ ಆ ರಷ್ಯನ್ನರು. ನನ್ನ ನಿಘಂಟಿನಲ್ಲಿ ಇಲ್ಲದ್ದು ಯಾವುದೋ ಪುಟದ ಅಡಿಯಲ್ಲಿ ಒಮ್ಮೆ ಮಾತ್ರ ಬಿಡಿಸಿ ಬರೆದಿರುತ್ತಿತ್ತು. ಕಂಡ ತಕ್ಷಣ ಅದನ್ನು ಕಾರ್ಡಿಗೆ ಇಳಿಸಿಕೊಳ್ಳಬೇಕು. ಕಾರ್ಡಿಗೇನು ಬರ? ನಮ್ಮ ಕಡೆ ಒಂದು ಮನೆಗೆ ಒಂದು ಬೇಸಿಗೆಯಲ್ಲಿ ಬರುವ ಲಗ್ನಪತ್ರಿಕೆಗಳಿಂದ ಗೋಡೆ ಕಟ್ಟಬಹುದು. ದಪ್ಪ ರಟ್ಟು, ಹಿಂಬದಿ ಖಾಲಿ. ಮುಂದೆ ವಧೂವರರು, ಹಿಂದೆ ಎಂಜಿನ್ನಿನ ಕೊಳವೆ. ಎಲ್ಲವನ್ನೂ ಬೂಟಿನ ಡಬ್ಬಿಯೊಂದರಲ್ಲಿ ರಷ್ಯನ್ ಅಕ್ಷರಮಾಲೆಯ ಪ್ರಕಾರ ಸಾಲಾಗಿ ನಿಲ್ಲಿಸಿದ್ದೆ.

ನನ್ನತ್ತೆಗೆ ಇದು ಸರಿಬರಲಿಲ್ಲ. ಮಂದಿ ಅರಿಸಿನ ಹಚ್ಚಿ ಕೊಟ್ಟದ್ದರ ಮೇಲೆ ಗೀಚಬಾರದು ಎಂದು ಒಮ್ಮೆ ಹೇಳಿ ಸುಮ್ಮನಾದರು. ಅವರು ಸುಮ್ಮನಾದರೆ ಒಪ್ಪಿದರು ಎಂದಲ್ಲ ಎಂಬುದು ಅಷ್ಟು ವರ್ಷ ಸೊಸೆಯಾಗಿದ್ದ ನನಗೆ ತಿಳಿಯಬೇಕಿತ್ತು. ಅವರ ಕಿರಿಯ ಮಗ, ಅಂದರೆ ನನ್ನ ಮೈದುನ, ಸೈನ್ಯದ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ತಾವು ಬಿಚ್ಚುವ ಗಾಡಿಗಳೆಲ್ಲ ರಷ್ಯಾದವು, ಪುಸ್ತಕ ಮಾತ್ರ ಯಾರಿಗೂ ಓದಲು ಬರುವುದಿಲ್ಲ ಎಂದು ರಜೆಯಲ್ಲಿ ಬಂದಾಗ ನಕ್ಕಿದ್ದ.

ಒಂದು ಮಳೆಗಾಲದ ಆರಂಭಕ್ಕೆ ದುರಸ್ತಿ ಪಟ್ಟಿಯ ಕಟ್ಟು ಬಂತು. ಅದರಲ್ಲೊಂದು ಸಾಲು: 'ತೆ-ದೆ-ಆ, ಎಂಜಿನ್ ಬಿಸಿಯಾದ ಮೇಲೆ ಚಾಲೂ ಮಾಡಿ ಪರೀಕ್ಷಿಸುವುದು.' ಆ ಮೂರು ಅಕ್ಷರಕ್ಕೆ ಕಾರ್ಡು ಬರೆದದ್ದು ಚೆನ್ನಾಗಿ ನೆನಪಿತ್ತು. ಏನು ಬರೆದಿದ್ದೆ ಎಂಬುದು ನೆನಪಿರಲಿಲ್ಲ. ಡಬ್ಬಿಯನ್ನು ಮೂರು ಸಲ ಬೋರಲು ಹಾಕಿದರೂ ಕಾರ್ಡು ಸಿಗಲಿಲ್ಲ. ಇತ್ತ ಪುಣೆಯಿಂದ ಬೇಗ ಕಳಿಸಿ ಎಂದು ತಂತಿಯ ಮೇಲೆ ತಂತಿ. ಭೌತಶಾಸ್ತ್ರ ಓದಿದವಳಲ್ಲವೇ, ಜಾಣತನ ಓಡಿಸಿದೆ. ಮೊದಲ ಅಕ್ಷರ ಉಷ್ಣದ್ದು, ಕೊನೆಯದು ಸಲಕರಣೆಯದು, ನಡುವಿನದು ಅಳೆಯುವ ಕಡ್ಡಿಯದಿರಬೇಕು ಎಂದುಕೊಂಡು 'ಶಾಖ ಅಳೆಯುವ ಸಲಕರಣೆ' ಎಂದು ಇಂಗ್ಲಿಷಿನಲ್ಲಿ ಬರೆದೆ. ಪಕ್ಕದಲ್ಲೊಂದು ಪ್ರಶ್ನೆಯ ಗುರುತು ಹಾಕಬೇಕಿತ್ತು. ಹಾಕಿದರೆ ಇವಳಿಗೆ ಬರುವುದಿಲ್ಲ ಅಂದಾರು ಎಂಬ ಬಿಂಕಕ್ಕೆ ಹಾಕಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ.

ಕಟ್ಟು ಅಂಚೆಗೆ ಹಾಕಿ ಬಂದ ದಿನದಿಂದ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹಾಲು ಉಕ್ಕಿಸಿದೆ. ಹಲಗೆಯ ಮೇಲೆ ಸೂತ್ರ ತಪ್ಪು ಬರೆದು ಹುಡುಗಿಯರಿಂದ ತಿದ್ದಿಸಿಕೊಂಡೆ. ತರಗತಿ ಮುಗಿದೊಡನೆ ಮನೆಗೆ ಓಡಿಬಂದು ಮತ್ತೆ ಅದೇ ಡಬ್ಬಿ ಹುಡುಕುತ್ತಿದ್ದೆ.

ಎರಡು ವಾರದ ಮೇಲೆ, ಅಮಾವಾಸ್ಯೆಗೆಂದು ದೇವರ ಜಗಲಿ ಒರೆಸುವಾಗ, ಪಟದ ಹಿಂದೆ ಒಂದು ಲಗ್ನಪತ್ರಿಕೆ ಕೈಗೆ ಬಂತು. ಅತ್ತೆಯ ತವರೂರು ದೇಗಾಂವದ್ದು, ನಾಲ್ಕೂ ಮೂಲೆಗೆ ಅರಿಸಿನ. ತಿರುವಿದರೆ ನನ್ನದೇ ಅಕ್ಷರ. ತೆ-ದೆ-ಆ ಎಂದರೆ ಹೊಗೆ ಎಬ್ಬಿಸುವ ಯಂತ್ರ. ಕಾದ ಕೊಳವೆಗೆ ಡೀಸೆಲ್ ಚಿಮ್ಮಿಸಿ, ವೈರಿಗೆ ಗಾಡಿ ಕಾಣದಂತೆ ಸುತ್ತ ಹೊಗೆ ತುಂಬಿಸುತ್ತದೆ. ಕೆಳಗೆ ಕೆಂಪು ಶಾಯಿಯಲ್ಲಿ ನಾನೇ ಬರೆದಿದ್ದೆ, ಮುಚ್ಚಿದ ಜಾಗದಲ್ಲಿ ಚಾಲೂ ಮಾಡಬಾರದು ಎಂದು.

ಅತ್ತೆಯ ಮೇಲೆ ಜೀವನದಲ್ಲಿ ಮೊದಲ ಸಲ ಹರಿಹಾಯ್ದೆ. ಅವರು ಎದುರು ಕೂಗಲಿಲ್ಲ.

"ನಮ್ಮಣ್ಣನ ಹೆಸರ ಐತೆವಾ ಅದರಾಗ," ಎಂದರು. "ಅಂವ ಹೋದಮ್ಯಾಲ, ಅಂವನ ಹೆಸರ ಅಚ್ಚಾಗಿದ್ದ ಕಾಗದ ನನ್ನ ಕಡೆ ಅದೊಂದ."

ಅದರ ಹಿಂದೆ ಏನು ಬರೆದಿದೆ ಎಂದು ಅವರು ಕೇಳಿದರು, ಹೇಳಿದೆ; ನಾನು ತಪ್ಪು ಬರೆದು ಕಳಿಸಿದ್ದನ್ನೂ ಹೇಳಿದೆ. ತಮ್ಮ ಕಿರಿಯ ಮಗ ಓದುವ ಪುಸ್ತಕವೇ ಇದು ಎಂದು ಕೇಳಿದರು. ಗೊತ್ತಿಲ್ಲ ಎಂದೆ, ನಿಜವಾಗಿಯೂ ಗೊತ್ತಿರಲಿಲ್ಲ. ಕಾರ್ಡು ತೆಗೆದಿಟ್ಟವರು ಅವರು. ಆದರೆ ಊಹೆಯನ್ನು ಖಾತ್ರಿಯಂತೆ ಬರೆದವಳು ನಾನು.

ಕಾರ್ಡಿನಲ್ಲಿದ್ದುದನ್ನು ಹಾಳೆಗಿಳಿಸಿಕೊಂಡು ಎಸ್.ಟಿ.ಡಿ. ಬೂತಿಗೆ ಹೋಗಿ ಪುಣೆಗೆ ಫೋನು ಮಾಡಿದೆ. ಹಾಳೆ ಆಗಲೇ ಅಚ್ಚಾಗಿ ಹೋಗಿದೆ, ಯಾರು ಓದುತ್ತಾರೆ ಬಿಡಿ ಎಂದರು ಸಾಹೇಬರು. ಒಂದು ತಪ್ಪು ಒಪ್ಪಿದರೆ ಇಡೀ ಪುಸ್ತಕ ವಾಪಸು ಬರುತ್ತದೆ, ಮುಂದೆ ನಿಮಗೆ ಕೆಲಸ ಕೊಡುವುದಾಗುವುದಿಲ್ಲ ಎಂದೂ ಹೇಳಿದರು. ಕೊಡಬೇಡಿ, ತಿದ್ದುಪಡಿ ಮಾತ್ರ ಇವತ್ತೇ ಕಳಿಸಿ ಎಂದೆ. ಅವರು ಬರೆದುಕೊಂಡು ಶಬ್ದ ಶಬ್ದವಾಗಿ ಓದಿ ಹೇಳುವವರೆಗೆ ಫೋನು ಇಡಲಿಲ್ಲ. ಅತ್ತೆ ಕಾರ್ಡನ್ನು ಮತ್ತೆ ಜಗಲಿಯ ಮೇಲಿಟ್ಟರು. ಅಂದಿನಿಂದ ಪೋಸ್ಟ್‌ಮನ್ ಬರುವ ಹೊತ್ತಿಗೆ ಮೈದುನನ ಕಾಗದಕ್ಕಾಗಿ ನಾವಿಬ್ಬರೂ ಬಾಗಿಲಲ್ಲಿರುತ್ತಿದ್ದೆವು.

ಮೈದುನ ದೀಪಾವಳಿಗೆ ಬಂದ. ಚಹಾ ಕೊಡುತ್ತ, ಹೊಗೆಯ ಯಂತ್ರದ ಬಗ್ಗೆ ತಿದ್ದುಪಡಿ ಚೀಟಿ ಏನಾದರೂ ಬಂದಿತ್ತೇ ಎಂದು ಕೇಳಿದೆ. ಅವನು ಬಟ್ಟಲು ಕೆಳಗಿಟ್ಟು ನನ್ನ ಮುಖ ನೋಡಿದ.

"ಬಂದಿತ್ರಿ ವೈನಿ. ಎಂಟ ದಿನ ತಡಾ ಆತು."

ಆ ಬಗೆಯ ಗಾಡಿ ಅವರಿಗೆ ಹೊಸದು. ಮಳೆಗೆಂದು ಶೆಡ್ಡಿನ ಬಾಗಿಲು ಎಳೆದು, ಶಾಖ ನೋಡೋಣವೆಂದು ಗುಂಡಿ ಒತ್ತಿದ್ದರು. ಕಣ್ಣು ಬಿಟ್ಟರೆ ಬರೀ ಬಿಳಿ ಹೊಗೆ. ನಾಲ್ಕು ಜನ ತೆವಳಿ ಹೊರಗೆ ಬಂದರಂತೆ, ಒಬ್ಬ ಗಾಡಿಯ ಮೇಲಿಂದ ಬಿದ್ದನಂತೆ. ಆ ಒಬ್ಬ ಯಾರೆಂದು ಕೇಳುವ ಅಗತ್ಯ ಬೀಳಲಿಲ್ಲ. ಬಟ್ಟಲು ಎತ್ತುವಾಗ ಅವನ ಎಡ ಮಣಿಕಟ್ಟು ಸೊಟ್ಟಗೆ ಕೂತದ್ದು ಕಂಡಿತು.

"ಅವ್ವಗ ವಾಲಿಬಾಲ್ ಆಡೂಮುಂದ ಬಿದ್ದೆ ಅಂತ ಹೇಳೇನಿ. ನೀವೂ ಹಂಗ ಅನ್ರಿ," ಎಂದ.

ಅನ್ನಬಹುದಿತ್ತು. ಅಂದಿದ್ದರೆ ಮನೆಯಲ್ಲಿ ಹಬ್ಬ ಹಬ್ಬವಾಗಿರುತ್ತಿತ್ತು. ಆದರೆ ಇನ್ನೊಂದು ಸಾಲನ್ನು ಖಾತ್ರಿಯಂತೆ ಬರೆದು ಕೊಡುವ ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ. ಅಡುಗೆಮನೆಗೆ ಹೋಗಿ, ಹೋಳಿಗೆ ಲಟ್ಟಿಸುತ್ತಿದ್ದ ಅತ್ತೆಗೆ ಎಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಹೋಳಿಗೆ ಮುಗಿಸಿ, ಕೈ ತೊಳೆದು, ಜಗಲಿಗೆ ಹೋಗಿ ಪಟದ ಹಿಂದಿನಿಂದ ದೇಗಾಂವದ ಪತ್ರಿಕೆ ತೆಗೆದರು. ಅಣ್ಣನ ಹೆಸರಿನ ಮೇಲೆ ಒಮ್ಮೆ ಬೆರಳಾಡಿಸಿ ನನ್ನ ಕೈಗೆ ಕೊಟ್ಟರು.

"ಇದರ ಜಾಗಾ ಯಾವ ಅಕ್ಷರದ ಹಿಂದ ಬರತೈತಿ ನೋಡಿ, ಡಬ್ಯಾಗ ಇಡವಾ," ಎಂದರು.