ಹೆಬ್ಬೆರಳು ಸವೆಸಿದ ಜಾಗ

ಕತಾರಿನ ಅಲ್ ಮನ್ಸೂರಾದಲ್ಲಿ ಗಡಿಯಾರ ರಿಪೇರಿ ಮಾಡುವ ಉಳ್ಳಾಲದ ಝಕರಿಯಾನಿಗೆ ತಾನಾಗಿ ತಿರುಗದ್ದೆಲ್ಲ ಕೆಟ್ಟದ್ದೇ. ಕತಾರಿ ಮುದುಕರೊಬ್ಬರು ಅಜ್ಜನ ಕಾಲದ ಆರು ನಳಿಗೆಯ ಪಿಸ್ತೂಲು ತಂದು, "ತುಕ್ಕು ತೆಗೆದುಕೊಡು, ಸಾಕು" ಎಂದು ಹರಕು ಹಿಂದಿಯಲ್ಲಿ ಹೇಳಿದ್ದರು. ಒಂದು ಗುಂಡು ಹಾರಿದ ಮೇಲೆ ಇನ್ನೊಂದು ನಳಿಗೆಯನ್ನು ಕೈಯಿಂದಲೇ ತಿರುಗಿಸಿ ತರಬೇಕಾದ ಹಳೇ ಮಾದರಿ ಅದು. ಝಕರಿಯಾ ಅದು ಕೆಟ್ಟಿದೆ ಎಂದುಕೊಂಡ. ನಳಿಗೆಗಳ ಬುಡಕ್ಕೆ ಅರದಿಂದ ಹಲ್ಲು ಕೊರೆದು, ಕೊಕ್ಕೆ ಕೂರಿಸಿ, ಟ್ರಿಗರ್ ಎಳೆದರೆ ತಾವೇ ತಿರುಗುವಂತೆ ಮಾಡಿ ಬೀಗಿದ.

ಪಿಸ್ತೂಲು ಒಯ್ಯಲು ಬಂದ ಮುದುಕರು ನಳಿಗೆಯ ಮೇಲೆ ಸವೆದಿದ್ದ ತಗ್ಗಿಗೆ ಅಭ್ಯಾಸದಂತೆ ಹೆಬ್ಬೆರಳಿಟ್ಟು ಟ್ರಿಗರ್ ಎಳೆದರು. ತಗ್ಗು ಬೆರಳಡಿಯಿಂದ ಜಾರಿಹೋಯಿತು.

"ಇದು ಅಜ್ಜನ ಬೆರಳು ಸವೆಸಿದ ಜಾಗ," ಎಂದು ನಕ್ಕರು. "ಖಲಾಸ್. ಒಳ್ಳೇ ಕೆಲಸ ಮಾಡಿದ್ದೀಯಾ."

ಬೈದಿದ್ದರೆ ಝಕರಿಯಾನಿಗೆ ಅಂದು ಅನ್ನ ಗಂಟಲಲ್ಲಿ ಇಳಿಯುತ್ತಿತ್ತು.