ಪಿಯಾನೊ ಕೆಳಗಿನ ತೊಲೆ ಮತ್ತು ವೆರ್ನಾ

ಥಂಡರ್ ಬೇ ಊರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೋರಾ ಬೆಲ್ಮೋರ್ ಅವರ ಮನೆಯ ನೆಲದಡಿಯಲ್ಲಿ, ಎದ್ದು ಕೂರಲೂ ಆಗದಷ್ಟು ತಗ್ಗಿನ ಜಾಗದಲ್ಲಿ, ವೆರ್ನಾ ಕಿವೆಲಾ ಅಂಗಾತ ಮಲಗಿ ಹಣೆಗೆ ಕಟ್ಟಿದ ದೀಪದ ಬೆಳಕನ್ನು ತೊಲೆಯ ಮೇಲೆ ಬಿಟ್ಟಿದ್ದಾರೆ. ತೊಲೆಯ ಕೆಳಪಟ್ಟಿಯನ್ನು ಯಾರೋ ಗರಗಸದಿಂದ ನೀಟಾಗಿ ಕತ್ತರಿಸಿ, ಆ ಜಾಗದಲ್ಲಿ ಬಚ್ಚಲಿನ ಪೈಪು ಹಾಯಿಸಿದ್ದಾರೆ.

ಯಾರೋ ಏನು, ವೆರ್ನಾ ಅವರ ಗಂಡನೇ. ಪ್ಲಂಬರ್ ತೋಯ್ವೊ ಪಕ್ಕದಲ್ಲೇ ಮುದುಡಿಕೊಂಡು ಮಲಗಿದ್ದಾರೆ. ಕಳೆದ ವಾರ ಒಂದು ರಾತ್ರಿ ಊಟದ ಹೊತ್ತಿಗೆ ತಾವಾಗಿಯೇ ತಪ್ಪು ಒಪ್ಪಿಕೊಂಡವರು.

"ನಡುವಿನ ಹಲಗೇಲಿ ತೂತು ಕೊರಿ, ಬೇಡ ಅನ್ನಲ್ಲ. ಪಟ್ಟಿ ಮುಟ್ಟಬೇಡ ಅಂತ ಮದುವೆಯಾದಾಗಿಂದ ಬಡ್ಕೊಂಡಿದೀನಿ," ಎನ್ನುತ್ತಾರೆ ವೆರ್ನಾ.

"ಪೈಪಿಗೆ ಇಳಿಜಾರು ಬೇಕಿತ್ತಲ್ಲ ಮಾರಾಯ್ತಿ."

"ಸರಿ, ಈಗ ನೆಲಕ್ಕೇ ಇಳಿಜಾರು ಬಂದಿದೆ ನೋಡು."

ಇಲ್ಲಿನ ಹೊಸ ಮನೆಗಳ ನೆಲವನ್ನೆಲ್ಲ ಹೊರುವುದು ಈ ತೊಲೆಗಳೇ. ಮೇಲೊಂದು ಮರದ ಪಟ್ಟಿ, ಕೆಳಗೊಂದು ಪಟ್ಟಿ, ನಡುವೆ ಮರದ ಚೂರು ಒತ್ತಿ ಮಾಡಿದ ತೆಳು ಹಲಗೆ. ತುದಿಯಿಂದ ನೋಡಿದರೆ ಇಂಗ್ಲಿಷಿನ ಐ ಅಕ್ಷರ. ವೆರ್ನಾ ಹರೆಯದಲ್ಲಿ ಇವನ್ನು ಅಂಟಿಸುವ ಕಾರ್ಖಾನೆಯಲ್ಲೇ ಇದ್ದರು. ಅದು ಬಾಗಿಲು ಹಾಕಿದಾಗ, ಆರಡಿ ಗಂಡಸರು ನುಸುಳಲಾಗದ ಜಾಗಗಳಲ್ಲಿ ತೊಲೆ ಸರಿಪಡಿಸುವ ಕೆಲಸ ಈ ಗಿಡ್ಡ ಹೆಂಗಸಿಗೆ ಅನ್ನ ಕೊಟ್ಟಿತು. ಚಳಿ ತಡೆಯಲು ನೆಲದಡಿ ತುಂಬಿದ ಗಾಜಿನ ನಾರು ಕೂದಲಿಗೆ ಸಿಕ್ಕಿ ತುರಿಸುತ್ತದೆ, ಚಳಿಗಾಲದಲ್ಲಿ ಮಂಡಿ ಮಾತು ಕೇಳುವುದಿಲ್ಲ. ಆದರೂ ದಿನಕ್ಕೊಂದು ಮನೆ, ಕೆಲವೊಮ್ಮೆ ಎರಡು. ಮಾಡಿದ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ, ಅದರ ಬಗ್ಗೆ ಅವರಿಗೆ ಬೇಸರವೂ ಇಲ್ಲ.

ಇವತ್ತಿನದು ಮಾತ್ರ ಹಗುರದ ಕೆಲಸವಲ್ಲ. ಮೇಲಿನ ಕೋಣೆಯಲ್ಲಿ ಕೋರಾ ಮಕ್ಕಳಿಗೆ ಪಿಯಾನೊ ಕಲಿಸುತ್ತಾರೆ. ಪಿಯಾನೊ ಸ್ವಲ್ಪ ವಾಲಿದೆ, ನುಡಿಸಿದರೆ ಕೆಳಗೆ ಕಿರ್ ಎನ್ನುತ್ತದೆ. ನೆಲ ಗಟ್ಟಿಯಾಗದಿದ್ದರೆ ಪಿಯಾನೊವನ್ನು ತಮ್ಮನ ಗೋದಾಮಿಗೆ ಸಾಗಿಸಿ ಚಳಿಗಾಲವಿಡೀ ಪಾಠ ನಿಲ್ಲಿಸಬೇಕು.

"ಮಕ್ಕಳಿಲ್ಲದ ಮನೇಲಿ ನಾನೊಬ್ಬಳೇ ಏನು ಮಾಡ್ಲಿ ವೆರ್ನಾ ಅವರೇ?" ಎಂದು ಕೋರಾ ನೆಲದ ಕಿಂಡಿಯಿಂದ ಕಾಫಿ, ಏಲಕ್ಕಿ ಬನ್ನು ಇಳಿಸಿಕೊಟ್ಟು ಹೋಗಿದ್ದಾರೆ.

ಪೈಪು ಬೇರೆ ದಾರಿ ಹಿಡಿದಾಗಿದೆ. ವೆರ್ನಾ ತೊಲೆಯನ್ನು ಕೆಳಗಿನಿಂದ ಎತ್ತುವ ಜಾಕನ್ನು ಒಂದಿಷ್ಟು ತಿರುಗಿಸಿ ಕಾಯುತ್ತಾರೆ, ಮತ್ತೆ ಒಂದಿಷ್ಟು. ತೊಲೆ ಮಟ್ಟಕ್ಕೆ ಬಂದ ಮೇಲೆ ಇಂಜಿನಿಯರ್ ಕೊಟ್ಟ ನಕ್ಷೆಯಂತೆ ಎರಡೂ ಪಕ್ಕ ಪಟ್ಟಿಗಳ ನಡುವಿನ ಪೊಳ್ಳಿಗೆ ಹಲಗೆ ತುಂಬಬೇಕು, ಅದರ ಮೇಲೆ ಗಟ್ಟಿ ಮರ ಅಂಟಿಸಿ ಮೊಳೆ ಹೊಡೆಯಬೇಕು. ತಪ್ಪಿನ ಭಾರಕ್ಕೆ ತೋಯ್ವೊ ತಾವೇ ತುಂಬುಹಲಗೆ ಕೊಯ್ದು ತಂದಿದ್ದಾರೆ. ಎಷ್ಟು ಬಿಗಿಯೆಂದರೆ ಸುತ್ತಿಗೆ ಏಟಿಲ್ಲದೆ ಒಳಗೆ ಹೋಗದು. ಹೆಮ್ಮೆಯಿಂದ ಸುತ್ತಿಗೆ ಎತ್ತುತ್ತಾರೆ.

"ಏ, ನಿಲ್ಲು ನಿಲ್ಲು!" ವೆರ್ನಾ ಕೈ ಹಿಡಿಯುತ್ತಾರೆ. "ಕೆಳಪಟ್ಟಿ ಕತ್ತರಿಸಿದ್ದು ಸಾಲದು ಅಂತ ಮೇಲಿನದನ್ನೂ ಕೀಳ್ತೀಯಾ?"

"ಬಿಗಿಯಾಗಿದ್ರೆ ಒಳ್ಳೇದಲ್ವೇನೇ?"

"ನಿನ್ನ ಪೈಪಿಗೆ ಒಳ್ಳೇದು. ಇಲ್ಲಿ ಹೊಡೆದು ತುರುಕಿದ್ರೆ ಹಲಗೆ ಪಟ್ಟೀನ ಮೇಲಕ್ಕೆ ಎಬ್ಬಿಸುತ್ತೆ, ಅಂಟು ಬಿಡುತ್ತೆ. ಮೇಲೆ ಒಂದು ಉಗುರಿನ ದಪ್ಪ ಸಂದು ಬಿಡು."

ಹೊಸಬರೆಲ್ಲ ಮಾಡುವ ತಪ್ಪು ಇದು. ಕೆಲಸ ಅಚ್ಚುಕಟ್ಟಾಗಿರಲಿ ಎಂಬ ಆಸೆಯೇ ತೊಲೆಯನ್ನು ಕೆಡಿಸುತ್ತದೆ. ತೋಯ್ವೊ ಗೊಣಗುತ್ತ ಹೊರಗೆ ತೆವಳಿ ಹಲಗೆಯನ್ನು ಮತ್ತೆ ಕೊಯ್ದು ತರುತ್ತಾರೆ. ಗೊಣಗಿದರೂ ಮೊಳೆ ಹೊಡೆದು ಮುಗಿಯುವವರೆಗೆ ದೀಪ ಹಿಡಿದು ಪಕ್ಕದಲ್ಲೇ ಮಲಗಿರುತ್ತಾರೆ. ಈ ಗಂಡಹೆಂಡಿರನ್ನು ನೋಡಿದರೆ ಖುಷಿಯಾಗುತ್ತದೆ.

ಅಂಟು ಒಣಗಲಿ ಎಂದು ಜಾಕು ರಾತ್ರಿಯಿಡೀ ಅಲ್ಲೇ ನಿಲ್ಲುತ್ತದೆ. ಮರುದಿನ ಮಧ್ಯಾಹ್ನ ವೆರ್ನಾ ಅದನ್ನು ಮೆಲ್ಲಗೆ ಇಳಿಸುತ್ತಾರೆ. ಮೇಲೆ ತೋಯ್ವೊ, ಕೋರಾ ಮತ್ತು ಅವರ ತಮ್ಮ, ಪಕ್ಕಕ್ಕೆ ಸರಿಸಿಟ್ಟಿದ್ದ ಪಿಯಾನೊವನ್ನು ಅದರ ಜಾಗಕ್ಕೆ ತಳ್ಳುತ್ತಾರೆ. ವೆರ್ನಾ ಹೊರಗೆ ಬರುವುದಿಲ್ಲ. ಮಲಗಿದಲ್ಲೇ ಅಂಗೈಯನ್ನು ತೊಲೆಗೆ ಒತ್ತಿ ಹಿಡಿಯುತ್ತಾರೆ.

"ಜೋರಾಗೇ ಬಾರಿಸಿ, ಕೋರಾ ಅವರೇ. ಸಂಕೋಚ ಬೇಡ!"

ಕೋರಾ ಎರಡೂ ಕೈಯಿಂದ, ದಪ್ಪ ಸ್ವರಗಳ ಕಡೆಯಿಂದಲೇ ಶುರು ಮಾಡುತ್ತಾರೆ. ಹಾಡು ಮುಗಿಯುವ ಮೊದಲೇ ತೋಯ್ವೊ ತಡೆಯಲಾರದೆ ನೆಲದ ಕಿಂಡಿಗೆ ಬಾಯಿಟ್ಟು ಕೂಗುತ್ತಾರೆ.

"ಏನೇ, ಏನಾದ್ರೂ ಕೇಳಿಸ್ತಿದೆಯಾ?"

"ಪಿಯಾನೊ," ಎನ್ನುತ್ತಾರೆ ವೆರ್ನಾ. "ಬರೀ ಪಿಯಾನೊ."