ಗಿರಿಜಾಳ ನಿಧಾನದ ಜೆಲ್

ಗಿರಿಜಾ ಯಾವ ಎರಡು ವಸ್ತುಗಳನ್ನೂ ಸುಲಭಕ್ಕೆ ‘ಒಂದೇ’ ಎಂದವಳಲ್ಲ. ಒಂದೇ ಮಗ್ಗದಿಂದ ಇಳಿದ ಎರಡು ಸೀರೆ ತೋರಿಸಿದರೂ ಕನ್ನಡಕ ಹಣೆಗೇರಿಸಿ, “ಒಂದ ಥರಾ ಕಾಣಸ್ತಾವ ಅನ್ರಿ, ಟೀಚರ್. ಒಂದ ಅಂತ ಹ್ಯಾಂಗ ಅಂತೀರಿ?” ಎನ್ನುವಳು.

ಅಣ್ಣಿಗೇರಿಯಲ್ಲಿ ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ನಾನು ಕಾನ್ವೆಂಟಿನಲ್ಲಿ ಕಲಿತು ಇಂಗ್ಲಿಷ್ ಕಲಿಸಿದವಳು. ಅವಳು ಧಾರವಾಡದ ಲ್ಯಾಬೊಂದರಲ್ಲಿ ಬ್ಯಾಕ್ಟೀರಿಯಾಗಳ ಗುರುತು ಹಿಡಿಯುವವಳು. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವಳು. ಅಬ್‌ಸ್ಟಿನೇಟ್, ಅಂದರೆ ಹಟಮಾರಿ, ಆಗಿರುವುದರಲ್ಲಿ ನನಗೇ ಹಿರಿಯಕ್ಕ.

ಅವಳ ಅಣ್ಣ ಶಂಕ್ರಪ್ಪನ ಮನೆಯ ಮದುವೆಯಲ್ಲಿ ಉಂಡವರ ಹೊಟ್ಟೆ ಕೆಟ್ಟಿತು. ಎಲ್ಲರೂ ಬೆರಳು ತೋರಿಸಿದ್ದು ಮೊಸರು ಕೊಟ್ಟ ಹಿಂದಿನ ಓಣಿಯ ಖೈರುಬಿಯ ಕಡೆಗೆ. ಮರುದಿನದಿಂದ ಅವಳ ಗಡಿಗೆ ತುಂಬಿ ಹೋದದ್ದು ತುಂಬಿಯೇ ಮರಳತೊಡಗಿತು.

ಕಾಯಿಲೆಯವರಿಂದ, ಉಳಿದ ಮೊಸರಿನಿಂದ, ಮದುವೆ ಮನೆಯ ನೀರಿನ ಟಾಕಿಯಿಂದ ತೆಗೆದ ಸ್ಯಾಂಪಲ್‌ಗಳು ಗಿರಿಜಾಳ ಲ್ಯಾಬಿಗೇ ಬಂದವು. ಮೂರರಲ್ಲೂ ಒಂದೇ ಜಾತಿಯ ಬ್ಯಾಕ್ಟೀರಿಯಾ. ಅವುಗಳ ಡಿಎನ್‌ಎ ತುಣುಕುಗಳನ್ನು ಜೆಲ್ ಎಂಬ ಲೋಳೆಯಂಥ ಪದರಿನಲ್ಲಿ ಕರೆಂಟು ಹಾಯಿಸಿ ಓಡಿಸಿದರೆ ಗೆರೆಗಳು ಮೂಡುತ್ತವೆ. ಆ ಗೆರೆಗಳೇ ಗುರುತು. ಬೇಗ ಮುಗಿಯುವ ಪಿಸಿಆರ್ ಜೆಲ್ಲಿನಲ್ಲಿ ಮೂರರ ಗೆರೆಗಳೂ ಹೊಂದಿದವು.

ಶಂಕ್ರಪ್ಪ ತಂಗಿಯ ಮನೆಗೆ ಬಂದು ಕೂತ. “ಮೊಸರಿಂದನ ಅಂತ ಬರದ ಬಿಡ ಬೇ. ಮಷೀನೂ ಹೌದಂದೈತಿ.”

“ಮಷೀನ್ ಮೂರೂ ಒಂದ ಥರಾ ಅಂದೈತಿ, ಅಣ್ಣಾ. ಅದರಾಗ ನಿನ್ನ ಟಾಕೀನೂ ಐತಿ.”

ಅವನು ಚಹಾ ಮುಟ್ಟದೆ ಎದ್ದು ಹೋದ. ಇವಳು ಪಲ್ಸ್ಡ್ ಫೀಲ್ಡ್ ಎಂಬ ನಿಧಾನದ ಜೆಲ್ ಹಚ್ಚಿದಳು. ಅದ್ಯಾಕೆ ಬೇಕೆಂದು ಕೇಳಿದೆ.

“ಮೊದಲಿನ ಜೆಲ್‌ನ್ಯಾಗ ನಾಕು ತುಣುಕು ನೋಡಿದ್ವಿರಿ. ಇದರಾಗ ಇಡೀ ಡಿಎನ್‌ಎ ದೊಡ್ಡ ದೊಡ್ಡ ತುಂಡು ಮಾಡಿ ಬಿಡತೀವಿ. ನೆಟ್ಟಗ ಓಡಿಸಿದ್ರ ದೊಡ್ಡವೆಲ್ಲಾ ಒಂದ ಕಡೆ ಗುಂಪಾಗತಾವ. ಅದಕ್ಕ ಕರೆಂಟಿನ ದಿಕ್ಕು ಹೊಳ್ಳಿಸಿ ಹೊಳ್ಳಿಸಿ ಓಡಸೂದು. ಹೊಲದ ಬದುವಿಗೆ ಕರು ಲಗೂನ ಹೊಳ್ಳತೈತಿ, ನೇಗಿಲ ಕಟ್ಟಿದ ಎತ್ತಿನ ಜೋಡಿ ಸಾವಕಾಶ. ಯಾವುದು ಎಷ್ಟು ದೊಡ್ಡದು ಆವಾಗ ಗೊತ್ತಾಗತೈತಿ.”

“ಅಲ್ಲೀತನಕಾ ಖೈರುಬಿ ಗತಿ ಏನ?”

“ತಪ್ಪ ಬರದ್ರ ಆಕೀ ಜಲ್ಮದ ಗತಿ ಏನ್ರಿ?”

ನಿಧಾನದ ಜೆಲ್ಲಿನಲ್ಲಿ ಕಾಯಿಲೆಯವರ ಗೆರೆಗಳೂ ಟಾಕಿಯ ಗೆರೆಗಳೂ ಹೊಂದಿದವು. ಮೊಸರಿನವು ಬೇರೆ. ಅವಳ ರಿಪೋರ್ಟಿನ ಇಂಗ್ಲಿಷ್ ತಿದ್ದುವುದು ಯಾವಾಗಲೂ ನನ್ನ ಕೆಲಸ. ಕಾಯಿಲೆ ಟಾಕಿಯ ನೀರಿನಿಂದ ಎಂದಿದ್ದ ಆ ರಿಪೋರ್ಟಿನಲ್ಲಿ ಒಂದೇ ಒಂದು ‘ಪರ್‌ಹ್ಯಾಪ್ಸ್’, ‘ಬಹುಶಃ’ ಇರಲಿಲ್ಲ. ಖೈರುಬಿಯ ಗಡಿಗೆ ಮತ್ತೆ ಖಾಲಿಯಾಗಿ ಮರಳತೊಡಗಿತು. ಶಂಕ್ರಪ್ಪ ಮಾತ್ರ ತಂಗಿಯ ಹೊಸ್ತಿಲು ತುಳಿಯುವುದನ್ನು ಬಿಟ್ಟ. “ಸಿಟ್ಟು ಯಾವಾಗರೆ ಇಳೀಲಿ,” ಎಂದಳು ಗಿರಿಜಾ. “ಟಾಕಿ ಅಂತೂ ಸ್ವಚ್ಛ ಆತಲ್ರಿ.”

ಮುಂದೆ ಗಿರಿಜಾ ಕಾಯಿಲೆ ಬಿದ್ದು ಹಾಸಿಗೆ ಹಿಡಿದ ಮೇಲೆ ಕೊನೆಯ ಸಲ ನೋಡಲು ಹೋದಾಗ, ಮಗ್ಗುಲಲ್ಲಿ ಶಂಕ್ರಪ್ಪ ಕೂತಿದ್ದ, ಕೈಯಲ್ಲಿ ಮೊಸರಿನ ಬಟ್ಟಲು. ಗಿರಿಜಾ ಒಂದು ಚಮಚ ಬಾಯಿಗಿಟ್ಟು, “ಖೈರುಬೀದ,” ಎಂದಳು.

“ಪ್ರೂಫ್ ಎಲ್ಲೈತಿ? ಯಾವ ಜೆಲ್ ಓಡಿಸಿದಿ?” ಎಂದು ಕೆಣಕಿದೆ.

“ಆಕೀ ಬಾಗಲಕ್ಕ ತಾನ ಹೋಗಿ ನಿಂತು ಇಸಕೊಂಡು ಬಂದಾನ್ರಿ ಅಣ್ಣ. ಇನ್ನ್ಯಾವ ಜೆಲ್ ಬೇಕು?”

ಈಗ ಗೋಡೆಯಾಚೆ ಸದ್ದಿಲ್ಲ. ಖೈರುಬಿ ನನಗೂ ಮೊಸರು ಹಾಕುತ್ತಾಳೆ. “ನಿನ್ನಿದು, ಇವತ್ತಿಂದು ಒಂದ ಐತಿಲ್ರಿ, ಟೀಚರ್?” ಎಂದು ಕೇಳುತ್ತಾಳೆ.

“ಒಂದ ಥರಾ ಐತಿ,” ಎನ್ನುತ್ತೇನೆ. ಒಂದೇ ಎನ್ನಲು ನಾಲಿಗೆ ಏಳುವುದಿಲ್ಲ.